ಮಿಸ್ ವರ್ಡೆಲ್ ಅವರ ಅಮ್ಮನ ಮುಖ

ಕೋವಿಡ್ ಗಲಾಟೆ ತಣ್ಣಗಾಗಿ ಎರಡು ವರ್ಷವಾಗಿತ್ತು. ಆಗ ನಾನು ಡಲ್ಲಾಸಿನ ಪಕ್ಕದ ಫಾರ್ಮರ್ಸ್ ಬ್ರಾಂಚಿನಲ್ಲಿ, ಎಲ್‌ಬಿಜೆ ಫ್ರೀವೇಗೆ ಬೆನ್ನು ಹಾಕಿ ನಿಂತ ಆಫೀಸ್ ಕಟ್ಟಡವೊಂದರ ನೆಲಮಹಡಿಯ ಫಿಲ್ಮ್ ಲ್ಯಾಬಿನಲ್ಲಿ ಸೀನಿಯರ್ ಕಲರಿಸ್ಟ್ ಆಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಬಾಕಿ. ಇರ್ವಿಂಗಿನಲ್ಲಿ ದೇವಸ್ಥಾನದ ಪ್ರಸಾದದ ಸಾಲಿನಲ್ಲಿ ಸಿಕ್ಕವರು ನನ್ನ ಕೆಲಸದ ಹೆಸರು ಕೇಳಿ, ಕೂದಲಿಗೆ ಬಣ್ಣ ಹಚ್ಚುವವಳು ಎಂದುಕೊಂಡು, "ಆಂಟಿ, ಸಲೂನ್ ಎಲ್ಲಿದೆ?" ಎಂದದ್ದು ಒಂದೆರಡು ಸಲವಲ್ಲ. ಹಳೆಯ ಫಿಲ್ಮನ್ನು ಒಂದೊಂದೇ ಫ್ರೇಮ್ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ತಂದ ಮೇಲೆ ಪ್ರತಿ ಶಾಟಿನ ಬೆಳಕು, ಬಣ್ಣ, ನೆರಳುಗಳನ್ನು ಹದಕ್ಕೆ ತರುವುದು ನನ್ನ ಕೆಲಸ. ಇದಕ್ಕೆ ಗ್ರೇಡಿಂಗ್ ಎನ್ನುತ್ತಾರೆ. ಈ ಕೆಲಸದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಸ್ಟಿನ್ನಿನ ಒಂದು ಫಿಲ್ಮ್ ಆರ್ಕೈವಿನಿಂದ ಎರಡು ಪೆಟ್ಟಿಗೆ ಬಂದವು. ಒಂದರಲ್ಲಿ ಹದಿನಾರು ಎಂಎಂ ನೆಗೆಟಿವ್, ಅಂದರೆ ಕ್ಯಾಮೆರಾದೊಳಗೆ ಓಡಿದ ಮೂಲ ಫಿಲ್ಮು. ಇನ್ನೊಂದರಲ್ಲಿ ಅದರಿಂದ ಆ ಕಾಲದಲ್ಲೇ ತೆಗೆದ ಒಂದೇ ಒಂದು ಪ್ರಿಂಟ್. ಪ್ರಿಂಟಿಗೆ ವಯಸ್ಸಾಗಿ ಇಡೀ ಚಿತ್ರ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ನೆಗೆಟಿವ್ ಕಳೆದೇಹೋಗಿದೆ ಎಂದು ಎಲ್ಲರೂ ಕೈಬಿಟ್ಟಿದ್ದರಂತೆ. ಹೂಸ್ಟನ್ನಿನಲ್ಲಿ ಎಂದೋ ಮುಚ್ಚಿದ ಲ್ಯಾಬೊಂದರ ಗೋದಾಮು ಖಾಲಿ ಮಾಡುವಾಗ ಅದು ಸಿಕ್ಕಿತ್ತು.

ಚಿತ್ರದ ನಿರ್ದೇಶಕಿ ವರ್ಡೆಲ್ ಪ್ರೂಯಿಟ್. ಹೂಸ್ಟನ್ನಿನ ಥರ್ಡ್ ವಾರ್ಡ್ ಎಂಬ ಕರಿಯರ ಬಡಾವಣೆಯಲ್ಲಿ ಹುಟ್ಟಿ ಬೆಳೆದವರು. ಟಿವಿ ಸ್ಟೇಷನ್ನೊಂದರಲ್ಲಿ ಟೈಪಿಸ್ಟ್ ಆಗಿ ಸೇರಿ, ಊಟದ ವೇಳೆಯಲ್ಲಿ ಎಡಿಟಿಂಗ್ ಕೋಣೆಗೆ ನುಗ್ಗಿ ಸುದ್ದಿಯ ಫಿಲ್ಮ್ ಕತ್ತರಿಸುವುದನ್ನು ಕಲಿತರು. ಆಗ ಆ ಊರಿನಲ್ಲಿ ಕ್ಯಾಮೆರಾದ ಹಿಂದೆ ನಿಂತು "ಆಕ್ಷನ್" ಅನ್ನುವ ಆಫ್ರಿಕನ್ ಅಮೆರಿಕನ್ ಹೆಂಗಸನ್ನು ಯಾರೂ ಕಂಡಿರಲಿಲ್ಲ. ಎರಡು ವರ್ಷದ ಭಾನುವಾರಗಳನ್ನೆಲ್ಲ ಹಾಕಿ, ತಮ್ಮ ಮನೆಯಲ್ಲೇ, ತಮ್ಮ ಅಮ್ಮ ಅರ್ನೆಸ್ಟೀನ್ ಅವರನ್ನೇ ಮುಖ್ಯ ಪಾತ್ರಕ್ಕೆ ಕೂರಿಸಿ ಎಂಬತ್ತೆರಡು ನಿಮಿಷದ ಚಿತ್ರ ಮಾಡಿದರು. ಅದರ ಜೀವಾಳ ಹನ್ನೊಂದು ನಿಮಿಷದ ಒಂದು ದೃಶ್ಯ. ಬಿರುಗಾಳಿಗೆ ಕರೆಂಟು ಹೋದ ಮಧ್ಯಾಹ್ನ, ಅಡುಗೆಮನೆಯ ಒಂದೇ ಕಿಟಕಿಯ ಬೆಳಕಿನಲ್ಲಿ ತಾಯಿ ಮಗಳಿಗೆ ತನ್ನ ಕಥೆ ಹೇಳುತ್ತಾಳೆ. ಚಿತ್ರ ಒಂದು ಸಲ ತೆರೆ ಕಂಡು ಮೂಲೆ ಸೇರಿತು. ಆಮೇಲೆ ಅವರು ಎರಡು ಸಣ್ಣ ಸಾಕ್ಷ್ಯಚಿತ್ರ ಮಾಡಿದರು, ಕಾಲೇಜಿನಲ್ಲಿ ಪಾಠ ಹೇಳಿದರು. ಎರಡನೇ ಕಥಾಚಿತ್ರಕ್ಕೆ ಕೈ ಜೋಡಿಸುವವರು ಸಿಗಲೇ ಇಲ್ಲ.

ಆರ್ಕೈವಿನವರು ಫೋನಿನಲ್ಲಿ ಇನ್ನೊಂದು ವಿಷಯ ಹೇಳಿದರು. ಎಂಬತ್ತು ದಾಟಿದ ಅವರ ಕಣ್ಣಿನ ರೆಟಿನಾದ ನಡುಭಾಗ ಸವೆಯುತ್ತಿದೆ. ಎಡಗಣ್ಣು ಆಗಲೇ ಹೋಗಿದೆ, ಬಲಗಣ್ಣಿಗೆ ಇಂಜೆಕ್ಷನ್ ನಡೆದಿದೆ. ಆಸ್ಟಿನ್ನಿನಲ್ಲಿ ಪ್ರದರ್ಶನ ಆರು ವಾರದ ನಂತರ. ತಾವು ತೆಗೆದ ಹಾಗೆಯೇ ಚಿತ್ರವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ಹೇಗೆ ಕೆಲಸ ಮಾಡಿಕೊಡುತ್ತೇನೆ ನೋಡಿ ಎಂದು ನಾನು ಸೆರಗು ಸಿಕ್ಕಿಸಿದೆ.

ಮೂರು ವಾರ ದುಡಿದೆ. ಅಡುಗೆಮನೆಯ ದೃಶ್ಯದಲ್ಲಿ ನೆಗೆಟಿವ್ ತೀರ ತೆಳುವಾಗಿತ್ತು, ಅಂದರೆ ಚಿತ್ರ ಕಪ್ಪಾಗಿ ಬರುತ್ತಿತ್ತು. ಬೆಳಕು ಸಾಲದೆ ತೆಗೆದಿದ್ದಾರೆ, ಪಾಪ, ಹೊಸಬರು ಎಂದುಕೊಂಡೆ. ತಾಯಿಯ ಮುಖದ ಬೆಳಕನ್ನು ಒಂದೂವರೆ ಸ್ಟಾಪ್ ಎತ್ತಿದೆ. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾದಂತೆ. ನೆರಳಿನಲ್ಲಿದ್ದ ಗೋಡೆ, ಗೋಡೆಯ ಕ್ಯಾಲೆಂಡರ್, ಕಪಾಟು ಎಲ್ಲ ನಿಚ್ಚಳವಾಗಿ ಕಂಡವು. ಹಳೆಯ ಪ್ರಿಂಟಿನಲ್ಲೂ ಹೀಗೇ ಇದ್ದುದರಿಂದ ಅನುಮಾನಕ್ಕೆ ಎಡೆಯೇ ಇರಲಿಲ್ಲ.

ವರ್ಡೆಲ್ ಪ್ರೂಯಿಟ್ ತಮ್ಮ ಅಣ್ಣನ ಮಗಳು ಡೆನಿಸ್ ಜೊತೆ ನಾಲ್ಕು ಗಂಟೆ ಕಾರಿನಲ್ಲಿ ಕೂತು ಬಂದರು. ಅವರ ಕಡೆ ಹಿರಿಯ ಹೆಂಗಸರನ್ನು ಬರೀ ಹೆಸರು ಹಿಡಿದು ಕರೆಯುವುದಿಲ್ಲ, ಮಿಸ್ ಸೇರಿಸುತ್ತಾರೆ. ನಾನೂ ಮಿಸ್ ವರ್ಡೆಲ್ ಎಂದೇ ಕರೆದೆ. ಸಪೂರ ದೇಹ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪರದೆಯನ್ನು ನೇರ ನೋಡದೆ, ಕತ್ತು ಎಡಕ್ಕೆ ವಾಲಿಸಿ ಕಣ್ಣಂಚಿನಿಂದ ನೋಡಿದರು. ಅಡುಗೆಮನೆಯ ದೃಶ್ಯ ಮುಗಿದಾಗ ನಿಲ್ಲಿಸಲು ಹೇಳಿದರು. ನಾನು ಹೊಗಳಿಕೆಗೆ ಕಾದು ಕೂತಿದ್ದೆ.

"ತುಂಬ ಅಚ್ಚುಕಟ್ಟಾದ ಕೆಲಸ," ಎಂದರು. "ಆದರೆ ಇವಳು ನನ್ನ ಅಮ್ಮ ಅಲ್ಲ."

ಅವರ ಇಂಗ್ಲಿಷನ್ನು ನನಗೆ ಬಂದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಪ್ರಿಂಟನ್ನು ಮುಂದೆ ಮಾಡಿದೆ. ಅದರಲ್ಲಿ ಇನ್ನೂ ಬೆಳ್ಳಗಿದೆಯಲ್ಲ ಎಂದೆ.

"ಆ ಪ್ರಿಂಟ್ ನೋಡೇ ಜನ ನಲವತ್ತು ವರ್ಷ ನನಗೆ ಲೈಟಿಂಗ್ ಬರಲ್ಲ ಅಂದಿದ್ದು. ನಾನು ಕತ್ತಲೇನ ಬೇಕೂಂತಲೇ ಇಟ್ಟಿದ್ದೆ. ಲ್ಯಾಬಿನವನು ನನ್ನನ್ನ ಒಂದು ಮಾತೂ ಕೇಳದೆ ಬೆಳಕು ಏರಿಸಿದ. ಕೇಳಿದ್ದಕ್ಕೆ, ನಿನ್ನ ತಪ್ಪನ್ನ ಸರಿ ಮಾಡಿದೀನಿ ಅಂದ. ಈಗ ನೀವೂ ಸರಿ ಮಾಡಿದ್ದೀರಿ."

ಇಲ್ಲಿ ಕಸುಬಿನ ಒಂದು ಸಂಗತಿ ಹೇಳಬೇಕು. ಆ ಕಾಲದಲ್ಲಿ ಪ್ರತಿ ರೀಲಿನ ತುದಿಗೆ ಒಬ್ಬ ಹೆಂಗಸಿನ ಮುಖದ ನಾಲ್ಕಾರು ಫ್ರೇಮ್ ಅಂಟಿಸುತ್ತಿದ್ದರು. ಪ್ರೇಕ್ಷಕರಿಗೆ ಅದು ಕಾಣುವುದಿಲ್ಲ, ಲ್ಯಾಬಿನವರಿಗೆ ಅದೇ ಅಳತೆಗೋಲು. ಆ ಮುಖ ಸರಿಯಾಗಿ ಕಾಣುವಂತೆ ಯಂತ್ರದ ದೀಪ ಹೊಂದಿಸಿದರೆ ಇಡೀ ಚಿತ್ರ ಸರಿ ಎಂದು ಲೆಕ್ಕ. ಆ ಹೆಂಗಸು ಬಹುತೇಕ ಯಾವಾಗಲೂ ಬಿಳಿಯಳು. ಕಪ್ಪು ಮುಖ ಬಂದಾಗ ಕೈ ತಾನಾಗಿ ಅದನ್ನು ಬೆಳ್ಳಗೆ ಮಾಡುತ್ತಿತ್ತು. ನನಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಅದನ್ನೇ ಮಾಡಿದ್ದೆ, ನನ್ನ ಮುಖವೇ ಎಣ್ಣೆಗಪ್ಪು ಆಗಿದ್ದರೂ.

ಅವರು ಹೋದ ಮೇಲೆ ಮ್ಯಾನೇಜರ್, ವಯಸ್ಸಾದವರ ಕಣ್ಣು ನಂಬಿ ಕೆಲಸ ಬದಲಿಸುವುದು ಬೇಡ, ಹೀಗೇ ಕಳಿಸೋಣ ಎಂದ. ನನ್ನ ಒಳಗೂ ಅದೇ ಮಾತು ಓಡುತ್ತಿತ್ತು. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಗಂಡನ ಮುಂದೆ ಬುಸುಗುಟ್ಟಿದೆ. ನನ್ನ ಗಂಡ ಶ್ರೀಪಾದ ಧಾರವಾಡದವರು, ಸಿವಿಲ್ ಎಂಜಿನಿಯರ್, ಯಾರ ಪರವನ್ನೂ ಬೇಗ ವಹಿಸುವವರಲ್ಲ.

"ಅಲ್ರೀ, ಮಾರಿ ಚಂದ ಕಾಣ್ಲಿ ಅಂತ ಮಾಡಿದ್ದು ತಪ್ಪೇನ್ರಿ?" ಎಂದೆ.

ಅವರು ಬಿಸ್ಕೀಟು ಅದ್ದಿ ತಿಂದು ಮುಗಿಸಿ ಹೇಳಿದರು: "ನಿಮ್ಮಪ್ಪ ಕಳಿಸಿದ ಫೋಟೋ ನೋಡಿ ನಾ ಹುಬ್ಬಳ್ಳಿಗೆ ನಿನ್ನ ನೋಡ್ಲಿಕ್ಕೆ ಬಂದಿದ್ದೆ. ಬಾಗಿಲಾ ತಗದಾಕಿ ನೀನs. ನಾ ಏನ್ ಕೇಳಿದ್ದೆ, ನೆನಪದ?"

ನೆನಪಿಲ್ಲದೆ ಏನು! "ಸ್ವಲ್ಪ ಹುಡುಗೀನ್ನ ಕರೀರಿ" ಎಂದು ನನಗೇ ಹೇಳಿದ್ದರು. ಒಳಗೆ ಅಪ್ಪ ನಕ್ಕಿದ್ದರು, ಅವ್ವ ಅತ್ತಿದ್ದಳು.

ಅಪ್ಪನದು ಹುಬ್ಬಳ್ಳಿಯಲ್ಲಿ ಫೋಟೋ ಸ್ಟುಡಿಯೋ. ಲಗ್ನಕ್ಕೆ ಬಂದ ಹುಡುಗಿಯರ ಫೋಟೋ ಗಂಡಿನ ಮನೆಗೆ ಹೋಗುವ ಮೊದಲು ನೆಗೆಟಿವ್ ನನ್ನ ಕೈಗೆ ಬರುತ್ತಿತ್ತು. ಚೂಪಾಗಿ ಕೆತ್ತಿದ ಪೆನ್ಸಿಲ್ಲಿನಿಂದ ಮುಖದ ಭಾಗಕ್ಕೆ ಸಣ್ಣಗೆ ಚುಕ್ಕಿ ಇಡುತ್ತ ಹೋಗಬೇಕು. ನೆಗೆಟಿವ್‌ನಲ್ಲಿ ಪೆನ್ಸಿಲ್ ಬಿದ್ದಲ್ಲೆಲ್ಲ ಪ್ರಿಂಟಿನಲ್ಲಿ ಬೆಳ್ಳಗಾಗುತ್ತದೆ. ಹನ್ನೆರಡನೇ ವಯಸ್ಸಿಗೇ ನನಗೆ ಆ ವಿದ್ಯೆ ಕೈವಶವಾಗಿತ್ತು. ಕಪ್ಪಿದ್ದವರನ್ನೆಲ್ಲ ಗೋಧಿಬಣ್ಣ ಮಾಡಿ ಕಳಿಸುತ್ತಿದ್ದೆವು. ನನ್ನ ಫೋಟೋವನ್ನೂ ನಾನೇ ತಿದ್ದಿಕೊಂಡಿದ್ದೆ. ಅದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ, ಉಪಕಾರ ಅನ್ನುತ್ತಿದ್ದರು. ಅಮೆರಿಕದ ಲಕ್ಷಾಂತರ ಡಾಲರಿನ ಯಂತ್ರದ ಮುಂದೆ ಕೂತು ಆ ಮುದುಕಿಯ ತಾಯಿಗೂ ನಾನು ಅದೇ ಉಪಕಾರ ಮಾಡಿದ್ದೆ. ನಾಚಿಕೆಯಾಯಿತು, ಅದಕ್ಕೆ ಬೇರೆ ಹೆಸರು ಬೇಡ.

ಮ್ಯಾನೇಜರಿಗೆ ಇನ್ನೆರಡು ವಾರ ಬೇಕೆಂದು ಹೇಳಿ ಮಿಸ್ ವರ್ಡೆಲ್ ಅವರಿಗೆ ಫೋನ್ ಮಾಡಿದೆ. ತಪ್ಪಾಯಿತು ಎಂದೆ. ನಿಮ್ಮ ಅಮ್ಮ ಹೇಗಿದ್ದರು ಎಂದು ತೋರಿಸಬಲ್ಲಿರಾ ಎಂದೆ. ಅವರು, "ಶನಿವಾರ ನಾಲ್ಕು ಗಂಟೆಗೆ ಬನ್ನಿ. ಬೆಳಕು ಆಗಲೇ ಸರಿ ಇರೋದು," ಎಂದರು.

ಶ್ರೀಪಾದರೇ ಡ್ರೈವ್ ಮಾಡಿದರು. ಹೂಸ್ಟನ್ ದಾಟಿ ಸ್ಟಾಫರ್ಡಿನ ಇಂಡಿಯನ್ ಅಂಗಡಿಗೆ ಹೋಗಿ ಜೋಳದ ಹಿಟ್ಟು ತಂದುಬಿಡೋಣ ಎಂದು ದಾರಿಯುದ್ದಕ್ಕೂ ಹಟ ಹಿಡಿದಿದ್ದರು, ನಾನು ಬಿಡಲಿಲ್ಲ. ಥರ್ಡ್ ವಾರ್ಡಿನ ಆ ಮನೆ ಹಾಗೇ ಇತ್ತು, ಈಗ ಡೆನಿಸ್ ಸಂಸಾರ ಅಲ್ಲಿದೆ. ಅಡುಗೆಮನೆಗೆ ಪಶ್ಚಿಮಕ್ಕೆ ಒಂದೇ ಕಿಟಕಿ. ಡೆನಿಸ್‌ಗೆ ಅಜ್ಜಿಯದೇ ಮೈಬಣ್ಣ ಎಂದು ಮನೆಯವರೆಲ್ಲ ಹೇಳುತ್ತಾರಂತೆ. ಅವಳನ್ನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ದೀಪಗಳನ್ನೆಲ್ಲ ಆರಿಸಿದರು. ನನಗೆ ಎದುರಿಗೆ ಒಂದು ಸ್ಟೂಲು.

ಮೊದಲ ಐದು ನಿಮಿಷ ನನಗೆ ಕಂಡದ್ದು ಕತ್ತಲೆಯೇ. ಯಂತ್ರ ಇಲ್ಲದಿದ್ದರೂ ನನ್ನ ಬೆರಳು ತೊಡೆಯ ಮೇಲೆ ಗುಂಡಿ ತಿರುಗಿಸುತ್ತಿತ್ತು. ಕಣ್ಣು ಹೊಂದಿಕೊಂಡ ಮೇಲೆ ಆ ಮುಖದಲ್ಲಿ ಏನೇನಿದೆ ಎಂದು ಕಾಣತೊಡಗಿತು. ಕೆನ್ನೆಯ ಏರಿನಲ್ಲಿ ತಾಮ್ರದ ಕೆಂಪು, ಹಣೆಯ ಅಂಚಿಗೆ ಕಿಟಕಿಯ ನೀಲಿ, ಗಲ್ಲದ ಕೆಳಗೆ ಬೆಲ್ಲದ ಪಾಕದ ಬಣ್ಣ. ಇವೆಲ್ಲ ಅಷ್ಟು ಕತ್ತಲೆ ಇದ್ದುದರಿಂದಲೇ ಕಾಣುತ್ತಿದ್ದವು. ನಾನು ಬೆಳಕು ಏರಿಸಿದಾಗ ಇದಿಷ್ಟೂ ಬೂದಿಯಾಗಿತ್ತು.

"ಕಿವಿಯೋಲೆ ಕಾಣ್ತಿದೆಯಾ?" ಎಂದು ಪಕ್ಕದಿಂದ ಮಿಸ್ ವರ್ಡೆಲ್ ಕೇಳಿದರು.

"ಕಾಣ್ತಿದೆ."

"ಹಿಂದಿನ ಗೋಡೆ?"

"ಇಲ್ಲ."

"ಅಲ್ಲಿಗೆ ನಿಲ್ಲಿಸಿ. ನಾನು ಅಲ್ಲಿಗೇ ನಿಲ್ಲಿಸಿದ್ದೆ."

ಹೊರಡುವಾಗ ಡೆನಿಸ್ ಜೋಳದ ಬ್ರೆಡ್ಡು ಕಟ್ಟಿಕೊಟ್ಟಳು. ಅದು ಮುಸುಕಿನ ಜೋಳದ್ದು, ಆದರೂ ಶ್ರೀಪಾದರು ಸಮಾಧಾನಗೊಂಡರು.

ಹಿಂದಿರುಗಿ ಎಲ್ಲವನ್ನೂ ಅಳಿಸಿ ಮೊದಲಿಂದ ಶುರು ಮಾಡಿದೆ. ನೆಗೆಟಿವ್ ತೆಳುವಾಗಿದ್ದುದು ತಪ್ಪಿನಿಂದಲ್ಲ, ಲೆಕ್ಕ ಹಾಕಿದ್ದು ಎಂಬುದು ಶಾಟಿನಿಂದ ಶಾಟಿಗೆ ಸ್ಪಷ್ಟವಾಯಿತು. ಹನ್ನೊಂದು ನಿಮಿಷದುದ್ದಕ್ಕೂ ಎಲ್ಲೂ ಕಾಲು ಸ್ಟಾಪ್ ಕೂಡ ಹೆಚ್ಚುಕಡಿಮೆ ಇರಲಿಲ್ಲ. ಲೈಟಿಂಗ್ ಬರದವರು ಹಾಗೆ ತೆಗೆಯಲಾರರು. ಅದನ್ನು ನಮ್ಮ ವರದಿಯಲ್ಲಿ ಅಳತೆ ಸಮೇತ ಬರೆದು ಆರ್ಕೈವಿಗೆ ಕಳಿಸಿದೆ. ಮಿಸ್ ವರ್ಡೆಲ್ ಬಂದು ನೋಡಿ ಒಪ್ಪಿಗೆ ಕೊಡಬೇಕಿತ್ತು. ಬರುವ ಹಿಂದಿನ ದಿನ ಡೆನಿಸ್ ಫೋನ್ ಮಾಡಿದಳು. ಬಲಗಣ್ಣಿನೊಳಗೆ ರಕ್ತ ಒಸರಿತ್ತು. ನಡುವಿನ ನೋಟ ಹೋಗಿತ್ತು, ಅದು ಮರಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಫೋನಿಟ್ಟು ರೆಸ್ಟ್‌ರೂಮಿಗೆ ಹೋಗಿ ಅತ್ತೆ. ನಾನು ಮೊದಲ ಸಲವೇ ಕೇಳಿ ಕೆಲಸ ಮಾಡಿದ್ದರೆ, ಅವರು ಫಾರ್ಮರ್ಸ್ ಬ್ರಾಂಚಿಗೆ ಬಂದ ದಿನವೇ ಅಮ್ಮನನ್ನು ನೋಡಬಹುದಿತ್ತು. ಆ ಮೂರು ವಾರವನ್ನು ತಿಂದವಳು ನಾನು.

ಆಸ್ಟಿನ್ನಿನ ಚಿತ್ರಮಂದಿರದಲ್ಲಿ ಅವರು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಮುಖಗಳೆಲ್ಲ ಈಗ ಅವರಿಗೆ ಬರೀ ಮಸುಕು. ಹೂಸ್ಟನ್ನಿನಿಂದ ಅವರ ಚರ್ಚಿನ ಜನ ವ್ಯಾನಿನಲ್ಲಿ ಬಂದು ಎರಡು ಸಾಲು ತುಂಬಿದ್ದರು. ಎಲ್ಲ ಹಿರಿಯ ಹೆಂಗಸರು, ತಲೆಗೆ ಹ್ಯಾಟು. ಚಿತ್ರ ನಡೆಯುವಾಗ ಪರದೆಯ ಜೊತೆ ಮಾತಾಡುವುದು ಅವರ ರೂಢಿ, ಹೂಂಗುಟ್ಟುತ್ತ, ಬುದ್ಧಿ ಹೇಳುತ್ತ ನೋಡುತ್ತಿದ್ದರು. ಕರೆಂಟು ಹೋದ ದೃಶ್ಯ ಬಂದಾಗ ಸದ್ದಡಗಿತು. ಮಿಸ್ ವರ್ಡೆಲ್ ಕತ್ತು ಆ ಕಡೆ ಈ ಕಡೆ ವಾಲಿಸಿ ಕಣ್ಣಂಚಿಗೆ ಏನಾದರೂ ಸಿಕ್ಕೀತೇ ಎಂದು ಹುಡುಕಿದರು. ಸಿಗಲಿಲ್ಲ.

ಆಗ ಹಿಂದಿನ ಸಾಲಿನಿಂದ ಒಂದು ಮುದಿ ದನಿ ಇಡೀ ಹಾಲಿಗೆ ಕೇಳುವಂತೆ ಕೂಗಿತು.

"ದೇವರೇ! ಅದು ನಮ್ಮ ಅರ್ನೆಸ್ಟೀನ್!"

"ಹೂಂ, ಅವಳೇ, ಅವಳೇ," ಎಂದು ಸಾಲಿಗೆ ಸಾಲೇ ದನಿಗೂಡಿಸಿತು.

ಮಿಸ್ ವರ್ಡೆಲ್ ಪರದೆಯನ್ನು ಬಿಟ್ಟು ಆ ದನಿ ಬಂದ ಕಡೆ ಪೂರ್ತಿ ತಿರುಗಿ ಕೂತರು. ದೃಶ್ಯ ಮುಗಿಯುವವರೆಗೂ ಹಾಗೇ ಕೂತಿದ್ದರು, ಕೆನ್ನೆ ಒದ್ದೆಯಾಗಿದ್ದರೂ ಒರೆಸಿಕೊಳ್ಳಲಿಲ್ಲ.

ಕೂಗಿದವರು ಪಕ್ಕದ ಮನೆಯವರಂತೆ, ಅರ್ನೆಸ್ಟೀನ್ ಜೊತೆ ಬೇಲಿಯ ಆಚೀಚೆ ನಿಂತು ಮೂವತ್ತು ವರ್ಷ ಮಾತಾಡಿದವರು. ಹೊರಗೆ ಲಾಬಿಯಲ್ಲಿ ಅವರು ಮಿಸ್ ವರ್ಡೆಲ್ ಅವರ ಎರಡೂ ಕೈ ಹಿಡಿದು ನಿಂತಿದ್ದರು. "ಮೊದಲ ಸಲ ತೋರಿಸಿದಾಗಲೂ ನಾನು ಬಂದಿದ್ದೆ ಕಣಮ್ಮಾ. ಆಗ ನೀನು ಅಮ್ಮನ ಪಾತ್ರಕ್ಕೆ ಯಾರೋ ನಟೀನ ಕರೆಸಿದ್ದೀಯ ಅಂದ್ಕೊಂಡಿದ್ದೆ," ಎಂದರು.

ಅದಾದ ಮೇಲೆ ನಿವೃತ್ತಿಯಾಗುವವರೆಗೆ ಒಂಬತ್ತು ಚಿತ್ರಗಳ ಕೆಲಸ ಮಾಡಿದೆ. ಅಪರಿಚಿತ ಮುಖ ಬಂದಾಗಲೆಲ್ಲ ಯಂತ್ರ ಮುಟ್ಟುವ ಮೊದಲು ಫೋನ್ ಎತ್ತಿ, ಇವರನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಿದ್ದೆ. ಕೆಲಸ ನಿಧಾನವಾಗುತ್ತದೆ ಎಂದು ಮ್ಯಾನೇಜರ್ ಗೊಣಗುತ್ತಿದ್ದ, ನಾನು ಹಾಗೆ ವಿಚಾರಿಸುತ್ತಲೇ ಇದ್ದೆ.