ಫಿಲ್ಮಿನಲ್ಲಿ ಬಿದ್ದ ಕರಡಿಗೆ

ನಮ್ಮ ಯಜಮಾನರ ಎದೆಯ ಎಕ್ಸರೇಗೆ ಊರ ಮಂದಿ ಕೈ ಮುಗಿಯುತ್ತಿದ್ದಾಗ ನಾನು ಮೇಲವಂಕಿಯಲ್ಲಿ ಇರಲಿಲ್ಲ. ಹುಕ್ಕೇರಿಯಲ್ಲಿ ಮಗಳ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಮಗಳು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಪ್ಲಾಸ್ಟರ್ ಹಾಕಿದ ಕೈಯಿಂದ ರೊಟ್ಟಿ ಬಡಿಯಲು ಬರುವುದಿಲ್ಲ. ಅಳಿಯನಿಗೆ ಎರಡೂ ಕೈ ನೆಟ್ಟಗಿದ್ದರೂ ಬರುವುದಿಲ್ಲ. ಅದಕ್ಕೆ ನಾನು ಹೋದೆ.

ಆ ಮನೆಯ ಮೊಮ್ಮಗಳು ಎಕ್ಸರೇ ತೆಗೆಯುವ ಕೋರ್ಸು ಕಲಿಯುತ್ತಾಳೆ. ಕಲಿಸುವವರು ಹಳೆಯ ಫಿಲ್ಮುಗಳ ಮೇಲಿನ ಹೆಸರು ಕತ್ತರಿಸಿ ಹುಡುಗಿಯರಿಗೆ ಹಂಚಿದ್ದರು. ಅಡುಗೆಮನೆಯ ಕಿಟಕಿಗೆ ಬೆಳಕು ಚೆನ್ನಾಗಿ ಬೀಳುತ್ತದೆ ಅಂತ ಇವಳು ಅಲ್ಲೇ ಅಂಟಿಸಿಕೊಂಡು ಓದುತ್ತಿದ್ದಳು. ನಾನು ಹಿಟ್ಟು ನಾದಲು ಕೂತರೆ ಎದುರಿಗೆ ಯಾರದೋ ಪಕ್ಕೆಲುಬು.

"ನಿನ್ನ ಈ ಭೂತಾ ತಗೀಯವಾ. ಬೆಳಕಿಗೆ ಅಡ್ಡ ಬರ್ತೈತಿ" ಅಂದೆ.

"ಭೂತ ಅಲ್ಲ ಆಯಿ, ಇದು ನಿಮೋನಿಯಾ" ಅಂದಳು, ಹೊಸ ಬೀಗರನ್ನು ಪರಿಚಯ ಮಾಡಿಕೊಡುವವಳ ಹಾಗೆ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅದರ ಮೇಲೆ ಯಾರೂ ನನಗೆ ಏನೂ ಕಲಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಆದರೆ ದಿನಾ ಕಣ್ಣೆದುರಿಗೆ ಒಂದು ವಸ್ತು ಇದ್ದರೆ ಅದೇನು ಅಂತ ಕೇಳದೆ ಇರುವುದು ಕಷ್ಟ. ಕೇಳಿದೆ. ಅವಳಿಗೂ ಪರೀಕ್ಷೆ ಹತ್ತಿರ ಬಂದಿತ್ತು, ಯಾರಿಗಾದರೂ ಹೇಳಿದರೆ ತಲೆಯಲ್ಲಿ ಕೂರುತ್ತದೆ ಅಂದಳು. ಹೀಗೆ ಇಬ್ಬರಿಗೂ ಅನುಕೂಲ ಆಯಿತು.

ಗಾಳಿ ಕರಿ, ಎಲುಬು ಬಿಳಿ, ಮಾಂಸ ಮತ್ತು ನೀರು ಬೂದಿ ಬಣ್ಣ. ಮೊದಲ ಪಾಠ ಇಷ್ಟೇ. ಪುಪ್ಪುಸದ ತುಂಬ ಗಾಳಿ ಇರುವುದರಿಂದ ಅದು ಕರ್ರಗೆ ಕಾಣಬೇಕು. ಕರ್ರಗೆ ಇರಬೇಕಾದಲ್ಲಿ ಬೆಳ್ಳಗೆ ಕಂಡರೆ ಅಲ್ಲಿ ಗಾಳಿಯ ಜಾಗಕ್ಕೆ ಬೇರೆ ಏನೋ ಬಂದು ಕೂತಿದೆ ಅಂತ ಅರ್ಥ. ನಿಮೋನಿಯಾ ಆದರೆ ಅರಳೆ ಗಿಡಿದ ದಿಂಬಿನ ಹಾಗೆ ಒಂದು ಭಾಗ ತುಂಬಿಕೊಂಡಿರುತ್ತದೆ. ನೀರು ನಿಂತರೆ ಕೆಳಗಿನ ಮೂಲೆ ಮುಚ್ಚುತ್ತದೆ. ಒಳ್ಳೆಯ ಎದೆಯಲ್ಲಿ ಆ ಮೂಲೆ ಕುಡುಗೋಲಿನ ತುದಿಯಂತೆ ಚೂಪಾಗಿರಬೇಕು. ಟೀಬಿ ಹೆಚ್ಚಾಗಿ ಮೇಲಿನ ಭಾಗದಲ್ಲಿ ಕೂರುತ್ತದೆ, ಹಿಂಜಿದ ಹತ್ತಿಯ ಎಳೆಗಳ ಹಾಗೆ. ಕೆಲವೊಮ್ಮೆ ನಡುವೆ ಒಂದು ತೂತು ಇರುತ್ತದೆ.

ಒಂದು ಫಿಲ್ಮಿನಲ್ಲಿ ಎದೆಯ ನಡುವೆ ಪಿನ್ನು ಕಂಡಿತು. "ಪಾಪ, ನುಂಗ್ಯಾಳೇನ?" ಅಂದೆ.

"ಕುಪ್ಪಸಕ್ಕ ಹಚ್ಚಿದ ಪಿನ್ನು ಆಯಿ. ಫಿಲ್ಮಿಗೆ ಮುಂದ, ಹಿಂದ, ಒಳಗ, ಹೊರಗ ಗೊತ್ತಾಗಂಗಿಲ್ಲ. ಎಲ್ಲಾ ಒಂದ ಹಾಳ್ಯಾಗ ಬೀಳ್ತಾವು."

ಇನ್ನೊಂದು ದಿನ ಅವಳು ಒಂದು ಫಿಲ್ಮು ಅಂಟಿಸಿ ಏನು ಕಾಣುತ್ತದೆ ಹೇಳು ಅಂದಳು. ಪಕ್ಕೆಲುಬೊಂದು ಮುರಿದಿತ್ತು. ತಟ್ಟನೆ ತೋರಿಸಿದೆ. ಅವಳ ಅವ್ವನಿಗೂ ಕೂಗಿ ಹೇಳಿದೆ. ಮೊಮ್ಮಗಳು ನಗುತ್ತ ಕೆಳಗಿನ ಮೂಲೆಗೆ ಬೆರಳಿಟ್ಟಳು. ಮೂಲೆ ಮುಚ್ಚಿತ್ತು.

"ಮುರದ ಎಲುಬ ಸಿಕ್ಕ ಖುಷಿಯೊಳಗ ನೀರ ಬಿಟ್ಟಿ. ನಮ್ಮ ಸರ್ ಹೇಳ್ತಾರ, ಕಣ್ಣಿಗೆ ಹೊಡಿಯೂದನ್ನ ಕಡೀಕ ನೋಡ್ರಿ ಅಂತ. ಮೊದಲ ಅದನ್ನ ನೋಡಿದ್ರ ಉಳಿದದ್ದು ಯಾರೂ ನೋಡಂಗಿಲ್ಲ."

ಈ ಮಾತು ನನಗೆ ಹಿಡಿಸಿತು. ಮದುವೆಮನೆಯಲ್ಲಿ ಮಂದಿ ಸೀರೆ ನೋಡುವುದು, ಹುಡುಗಿಯ ಮುಖ ಬಾಡಿದ್ದು ಕಾಣದಿರುವುದು, ಎಲ್ಲ ನೆನಪಾಯಿತು. ಆದರೆ ರೊಟ್ಟಿ ಸೀಯುತ್ತಿತ್ತು. ಎದ್ದೆ.

ಅದೇ ವಾರ ಸೊಸೆಯ ಫೋನು ಬಂತು. ಮಾವನಿಗೆ ಕೆಮ್ಮು ನಿಲ್ಲುತ್ತಿಲ್ಲ ಅಂತ ಮಗ ಮೂಡಲಗಿಗೆ ಕರೆದುಕೊಂಡು ಹೋಗಿದ್ದನಂತೆ, ಅಲ್ಲಿ ಎದೆಯ ಎಕ್ಸರೇ ತೆಗೆದರಂತೆ. "ಅತ್ತಿ, ಮಾವಾರ ಎದಿಯೊಳಗ ಲಿಂಗ ಮೂಡೈತಿ. ಮಂದಿ ನೋಡಾಕ ಬರಾಕತ್ತಾರ. ನೀವ ಲಗೂನ ಬರ್ರಿ, ಚಹಾ ಮಾಡಿ ಮಾಡಿ ನನ್ನ ಕೈ ಬಿದ್ದು ಹೋದ್ವು" ಅಂದಳು.

ಮಗಳ ಪ್ಲಾಸ್ಟರ್ ಬಿಚ್ಚಿದ ಮರುದಿನ ಹುಕ್ಕೇರಿಯಿಂದ ಬಸ್ಸು ಹಿಡಿದು ಗೋಕಾಕಿಗೆ, ಅಲ್ಲಿಂದ ಊರಿಗೆ ಬಂದೆ. ಪಡಸಾಲೆಯ ಕಿಟಕಿಗೆ ಫಿಲ್ಮು ತೂಗುಹಾಕಿದ್ದರು. ಬಲಗಡೆಯ ಎದೆಯ ಮೇಲೆ ದುಂಡಗೆ, ಹಾಲಿನ ಹಾಗೆ ಬೆಳ್ಳಗೆ ಒಂದು ಆಕಾರ ಹೊಳೆಯುತ್ತಿತ್ತು. ಕೆಳಗೆ ಊದಿನಕಡ್ಡಿ. ಓಣಿಯ ಇಬ್ಬರು ಹಿರಿಯರು ಶರಣು ಅನ್ನುತ್ತ ನಿಂತಿದ್ದರು. ಯಜಮಾನರು ಗೋಡೆಗೆ ಒರಗಿ ಕೂತು, ಕೆಮ್ಮು ಬಂದಾಗ ಟಾವೆಲು ಬಾಯಿಗೆ ಒತ್ತಿಕೊಂಡು, ಅದು ನಿಂತಾಗ ಮಂದಿಯ ಕಡೆ ನೋಡಿ ತಲೆ ಆಡಿಸುತ್ತಿದ್ದರು. ನಾನು ಇಲ್ಲದ ಅಷ್ಟು ದಿನಗಳಲ್ಲೇ ಅಂಗಿ ಹೆಗಲಿನಿಂದ ಜಾರುವಷ್ಟು ಇಳಿದುಹೋಗಿದ್ದರು.

"ಇದು ಕರಡಗಿ ಅಲ್ಲೇನ್ರಿ?" ಅಂದೆ.

ಲಿಂಗ ಇಟ್ಟುಕೊಂಡು ಕೊರಳಲ್ಲಿ ಹಾಕಿಕೊಳ್ಳುವ ಬೆಳ್ಳಿಯ ಕರಡಿಗೆ ಅದು. ಮದುವೆಯಾದಾಗಿನಿಂದ ನೋಡಿದ್ದೇನೆ, ನನಗೆ ಗುರುತು ಸಿಗದೆ ಇರುತ್ತದೆಯೇ. ಫೋಟೋ ತೆಗೆಯುವವನು ಅದನ್ನು ತೆಗೆದಿಡಿ ಅಂದನಂತೆ. ಇವರು ಲಿಂಗ ಕಟ್ಟಿದ ದಿನದಿಂದ ಮೈಮೇಲಿಂದ ಇಳಿಸಿದವನಲ್ಲ ಅಂತ ವಾದಕ್ಕೆ ನಿಂತರಂತೆ. ಹೊರಗೆ ಪಾಳಿಯಲ್ಲಿ ಮಂದಿ ಕಾಯುತ್ತಿದ್ದರು. ಅವನು ಸೋತು ಕರಡಿಗೆ ಇದ್ದ ಹಾಗೇ ಫೋಟೋ ತೆಗೆದ. ಹಲಗೆಗೆ ಎದೆ ಒತ್ತಿ ನಿಂತಾಗ ಕರಡಿಗೆ ಬಲಕ್ಕೆ ಜರಿದಿತ್ತು.

"ಡಾಕ್ಟರ್ ಏನಂದ್ರು?" ಅಂತ ಮಗನನ್ನು ಕೇಳಿದೆ.

"ಅದು ಅಡ್ಡ ಬಂದೈತಿ, ತಗದಿಟ್ಟು ಇನ್ನೊಂದು ತಗಸ್ರಿ, ಕಫಾ ತಪಾಸ ಮಾಡಸ್ರಿ ಅಂದ್ರು. ಅಪ್ಪಾರು ಕೇಳಲಿಲ್ಲ, ಎದ್ದು ಬಸ್ ಸ್ಟ್ಯಾಂಡಿಗೆ ನಡದಬಿಟ್ರು."

ಹಿರಿಯರಲ್ಲಿ ಒಬ್ಬರು, "ತಂಗೀ, ಕರಡಗಿ ಇರಲಿ, ಅದರೊಳಗ ಲಿಂಗಪ್ಪ ಅದಾನಲ್ಲ. ಕಾಯಾಂವ ಎದಿ ಮ್ಯಾಲ ಕುಂತಾನ" ಅಂದರು. ನಾನೂ ಲಿಂಗ ಕಟ್ಟಿಕೊಂಡವಳೇ. ಅವರ ಮಾತಿಗೆ ಎದುರು ಹೇಳಲಿಲ್ಲ. ಚಹಾ ಕುಡಿಸಿ ಕಳಿಸಿದೆ, ಊದಿನಕಡ್ಡಿ ನಂದಿಸಿದೆ. ಕೆಮ್ಮುವ ಮನುಷ್ಯನ ಬಾಜೂಕ ಹೊಗೆ ಬೇಕಾಗಿರಲಿಲ್ಲ.

ಆಮೇಲೆ ಕಿಟಕಿಯ ಮುಂದೆ ನಿಂತು ಮೊಮ್ಮಗಳು ಹೇಳಿದ ಹಾಗೆ ಕಣ್ಣಿಗೆ ಹೊಡೆಯುವುದನ್ನು ಬಿಟ್ಟು ಉಳಿದದ್ದು ನೋಡಿದೆ. ಮೂಲೆಗಳು ಚೂಪಾಗಿದ್ದವು. ಎಡಗಡೆ ಮೇಲೆ, ಅಂಚಿಗೆ, ಬೂದಿ ಬಣ್ಣದ ಅಗಲ ನೆರಳು. ಸಿಕ್ಕಿತು ಅಂದುಕೊಂಡೆ. ಸೊಸೆಯ ಫೋನಿನಲ್ಲಿ ಫೋಟೋ ಹೊಡೆಸಿ ಹುಕ್ಕೇರಿಗೆ ಕಳಿಸಿ, ರೋಗ ಎಡಗಡೆ ಮೇಲಿದೆ ಅಂತ ತಿಳಿಸಿದೆ.

ಮೊಮ್ಮಗಳು ಆ ಕಡೆಯಿಂದ ನಕ್ಕಳು. "ಆಯಿ, ಅದು ಹೆಗಲ ಹಿಂದಿನ ಎಲುಬು. ಎಲ್ಲಾರಿಗೂ ಇರ್ತೈತಿ. ನಿನಗೂ ಐತಿ."

"ಹಂಗಾರ ಆರಾಮ ಅದಾರೇನ?"

ಅವಳು ನಗುವುದು ನಿಲ್ಲಿಸಿದಳು. "ಗೊತ್ತಿಲ್ಲ. ಕರಡಗಿ ಹಿಂದ ಏನೈತಿ ನನಗ ಕಾಣಂಗಿಲ್ಲ. ಯಾವ ದೊಡ್ಡ ಡಾಕ್ಟರಗೂ ಕಾಣಂಗಿಲ್ಲ. ಅಜ್ಜಾ ಸೊರಗ್ಯಾನ, ಕೆಮ್ಮ ನಿಂತಿಲ್ಲ. ಇನ್ನೊಂದ ಫಿಲ್ಮ ತಗೀಲೇಬೇಕ. ಗೋಕಾಕಕ್ಕ ಕರಕೊಂಡ ಹೋಗ್ರಿ."

ಅವಳು ಗೊತ್ತಿಲ್ಲ ಅಂದದ್ದು ನನ್ನನ್ನು ಹೆಚ್ಚು ಹೆದರಿಸಿತು. ಇದೆ ಅಂದಿದ್ದರೆ ಔಷಧಿ ಕೇಳುತ್ತಿದ್ದೆ.

ಆ ಸಂಜೆ ಎಮ್ಮೆ ಹಿಂಡುತ್ತಿದ್ದೆ. ಯಜಮಾನರು ಬಂದು ಗೋದಲಿಯ ಕಟ್ಟೆಯ ಮೇಲೆ ಕೂತರು. ನಾಳೆ ಗೋಕಾಕಿಗೆ ಹೋಗೋಣ ಅಂದೆ. ಎಮ್ಮೆಗೆ ಹುಲ್ಲು ಸರಿಸಿದರು. ಇನ್ನೊಮ್ಮೆ ಅಂದೆ.

"ನೀ ಎರಡ ದಿನಾ ಹುಕ್ಕೇರ್ಯಾಗಿದ್ದು ಡಾಕ್ಟರ್ ಆಗಿ ಬಂದೀಯೇನ?"

"ಆಗಿಲ್ಲ. ಹೆಗಲಿನ ಎಲುಬಿಗೆ ರೋಗ ಅಂದಾಕಿ ನಾ. ಅದಕ ಬಲ್ಲವರ ಕಡೆ ಹೋಗೂಣು ಅಂತೇನಿ."

ಅವರು ಗೋದಲಿಯ ಮೂಲೆಯ ಕಡೆ ಗದ್ದ ಚಾಚಿ ತೋರಿಸಿ, "ಅಣ್ಣಗ ಇಲ್ಲೇ ತಾಟ ಇಟ್ಟಿದ್ರು" ಅಂದರು.

ಅವರ ಅಣ್ಣ ಕ್ಷಯದಿಂದ ಹೋದವರು. ನಾನು ಸೊಸೆಯಾಗಿ ಬರುವ ಮೊದಲಿನ ಮಾತು. ದನದ ಕೊಟ್ಟಿಗೆಯಲ್ಲಿ ಹಾಸಿಗೆ ಹಾಕಿ, ತಾಟು ತಂಬಿಗೆ ಬೇರೆ ಮಾಡಿ, ಅವ್ವ ದೂರದಿಂದ ರೊಟ್ಟಿ ಇಟ್ಟು ಹೋಗುತ್ತಿದ್ದಳಂತೆ. ಇಷ್ಟು ವರ್ಷ ಬಾಳೆ ಮಾಡಿದರೂ ಈ ತಾಟಿನ ಮಾತು ನನಗೆ ಅವತ್ತೇ ಗೊತ್ತಾದದ್ದು.

"ಬೆಳ್ಳಗ ಕಾಣೂದು ಕರಡಗಿ ಅಂತ ನನಗ ಗೊತ್ತಿಲ್ಲೇನ?" ಅಂದರು. "ಮಂದಿ ಅದನ್ನ ನೋಡ್ಲಿ. ಅದರ ಹಿಂದ ನೋಡೂದು ಬ್ಯಾಡ."

ಹಾಲಿನ ಬಕೀಟು ಬದಿಗಿಟ್ಟೆ. ದೇವರ ಮೇಲಿನ ಭಕ್ತಿ ಅಂತ ನಾನು ತಿಳಿದದ್ದರಲ್ಲಿ ಅರ್ಧ ಹೆದರಿಕೆ ಇತ್ತು. ಉಳಿದರ್ಧ ಭಕ್ತಿಯೂ ಖರೆಯೇ. ಅವೆರಡನ್ನೂ ಬೇರೆ ಬೇರೆ ಮಾಡಿ ತೋರಿಸುವ ಫಿಲ್ಮು ಯಾವುದೂ ಇಲ್ಲ. ಹೆದರಿಕೆಗೆ ನನ್ನ ಹತ್ತಿರ ಔಷಧಿ ಇರಲಿಲ್ಲ. ಭಕ್ತಿಗೆ ಒಂದು ದಾರಿ ಕಾಣಿಸಿತು.

"ಪೂಜಿ ಮಾಡುವಾಗ ಲಿಂಗ ಎಲ್ಲಿರ್ತೈತಿ?"

"ಅಂಗೈಯಾಗ."

"ಕರಡಗಿ?"

"ಬಾಜೂಕ ಇಡ್ತೇನಿ. ಯಾಕ?"

"ಹಂಗಾರ ಅಲ್ಲೂ ಹಂಗ ಮಾಡ್ರಿ. ಲಿಂಗ ಅಂಗೈಯಾಗ, ಕೈ ಮ್ಯಾಲ. ಕರಡಗಿ ನನ್ನ ಕೈಯಾಗ. ಅದು ಬರೇ ಡಬ್ಬಿ."

ನನ್ನನ್ನೇ ನೋಡಿದರು. "ಡಬ್ಬಿ ಅಂತಾಳ ನೋಡು" ಅಂದರು, ಎಮ್ಮೆಗೆ.

ಮರುದಿನ ಗೋಕಾಕಿನಲ್ಲಿ ಎಕ್ಸರೇ ತೆಗೆಯುವವನಿಗೆ ನಾನೇ ಹೇಳಿದೆ. ಅವನು ಮುಖ ಸಿಂಡರಿಸಿದ. ಎರಡೂ ಕೈ ಸೊಂಟಕ್ಕೆ ಇಟ್ಟು ಹೆಗಲು ಮುಂದೆ ಒತ್ತಬೇಕು, ಇಲ್ಲದಿದ್ದರೆ ಹಿಂದಿನ ಎಲುಬು ಅಡ್ಡ ಬರುತ್ತದೆ ಅಂದ. ಆ ಎಲುಬಿನ ಪರಿಚಯ ನನಗಿತ್ತು. "ಒಂದ ಕೈಯಾದ್ರೂ ಬಿಡ್ರಿ ತಮ್ಮಾ. ಇಲ್ಲಾಂದ್ರ ಈ ಮನಶಾ ಮತ್ತ ಎದ್ದ ಹೋಗತಾನ" ಅಂದೆ. ಅವನು ಸ್ವಲ್ಪ ಯೋಚಿಸಿ, ಲಿಂಗ ಹಿಡಿದ ಎಡಗೈಯನ್ನು ತಲೆಯ ಮೇಲೆ ಎತ್ತರಕ್ಕೆ ಹಿಡಿಸಿ, ಬಲಗೈಯನ್ನು ಸೊಂಟಕ್ಕೆ ಇಡಿಸಿದ. ನನಗೆ ಬಾಗಿಲ ಹೊರಗೆ ನಿಲ್ಲಲು ಹೇಳಿದ.

"ಉಸರ ಜಗ್ಗಿ ಹಿಡೀರಿ ಅಜ್ಜಾರ. ಅಲಗಾಡಬ್ಯಾಡ್ರಿ" ಅನ್ನುವುದು ಒಳಗಿನಿಂದ ಕೇಳಿತು. ಕೆಮ್ಮು ಬರುತ್ತದೆ, ಫಿಲ್ಮು ಕೆಡುತ್ತದೆ ಅಂತ ಕಾದೆ. ಕೆಮ್ಮು ಬರಲಿಲ್ಲ. ಅಂಗೈಯಲ್ಲಿ ಲಿಂಗ ಇದ್ದಾಗ ಅಲಗಾಡದೆ ಇರುವುದು ಅವರಿಗೆ ದಿನದ ರೂಢಿ. ನನ್ನ ಕೈಯಲ್ಲಿ ಖಾಲಿ ಕರಡಿಗೆ ಬೆಚ್ಚಗಿತ್ತು, ಅವರ ಎದೆಯ ಕಾವು ಇನ್ನೂ ಹೋಗಿರಲಿಲ್ಲ.

ಹೊಸ ಫಿಲ್ಮನ್ನು ಡಾಕ್ಟರಮ್ಮ ಬೆಳಕಿನ ಪೆಟ್ಟಿಗೆಗೆ ಸಿಗಿಸಿದರು. ಕರಡಿಗೆ ಮುಚ್ಚಿದ್ದ ಜಾಗದಲ್ಲಿ ಹಿಂಜಿದ ಹತ್ತಿ ಇತ್ತು. ನಾನು ಕಂಡೆ, ಬಾಯಿ ಬಿಡಲಿಲ್ಲ. ಒಮ್ಮೆ ಎಲುಬಿಗೆ ಮೋಸ ಹೋದವಳು ಎರಡನೇ ಸಲ ಕಾಯುತ್ತಾಳೆ. ಅವರೂ ಫಿಲ್ಮೊಂದನ್ನೇ ನೋಡಿ ಗಟ್ಟಿ ಮಾಡಿ ಹೇಳಲಿಲ್ಲ. ಕಫ ತಪಾಸಣೆ ಆಗಲಿ ಅಂದರು. ಅದು ಬಂದ ಮೇಲೆ ಹೇಳಿದರು: ಟೀಬಿ. ಆರು ತಿಂಗಳು ಗುಳಿಗೆ, ಸರಕಾರದಿಂದ ಪುಕ್ಕಟೆ, ನಡುವೆ ಬಿಡಬಾರದು. ಮೊದಲ ಕೆಲವು ವಾರ ಬಾಯಿಗೆ ಬಟ್ಟೆ, ಮನೆಯ ಕಿಟಕಿ ತೆರೆದಿರಲಿ, ಮನೆಯವರೂ ತಪಾಸಣೆ ಮಾಡಿಸಿಕೊಳ್ಳಲಿ. ತಾಟು ಬೇರೆ ಮಾಡಬೇಕೇ ಅಂತ ನಾನೇ ಕೇಳಿದೆ, ಯಜಮಾನರ ಎದುರಿಗೇ. "ಬೇಡ ಅಮ್ಮ, ತಾಟಿನಿಂದ ಬರುವುದಿಲ್ಲ" ಅಂದರು.

ಕಿವಿಯಿಂದ ಕೇಳಿದ್ದು ಮನಸ್ಸಿಗೆ ಇಳಿಯಲು ಹೊತ್ತು ಬೇಕು. ಮನೆಗೆ ಬಂದ ದಿನ ಊಟಕ್ಕೆ ಕರೆದರೆ ಯಜಮಾನರು ಪಡಸಾಲೆಯಲ್ಲಿ ಇಲ್ಲ. ತಮ್ಮ ತಾಟು ತಾವೇ ತೆಗೆದುಕೊಂಡು ಕೊಟ್ಟಿಗೆಯ ಮೂಲೆಯಲ್ಲಿ ಹೋಗಿ ಕೂತಿದ್ದರು. ಬೆನ್ನು ನನ್ನ ಕಡೆಗಿತ್ತು.

"ಅಲ್ಲಿ ಕುಂತ್ರ ಎಮ್ಮಿ ನಿಮ್ಮ ರೊಟ್ಟಿಗೆ ಬಾಯಿ ಹಾಕ್ತೈತಿ. ಒಳಗ ಬರ್ರಿ" ಅಂದೆ.

"ಸಣ್ಣ ಹುಡುಗರದಾವು ಮನ್ಯಾಗ."

"ಬಾಯಿಗೆ ಬಟ್ಟಿ ಕಟಗೋರಿ, ಕಿಡಕಿ ಬಾಜೂಕ ಕೂಡ್ರಿ. ಡಾಕ್ಟರ್ ಹೇಳಿದ್ದು ಅಷ್ಟ. ಕೊಟಗಿ ಹೇಳಿಲ್ಲ. ನನ್ನ ಮೊಣಕಾಲ ನೋಯ್ತಾವು, ಅಲ್ಲಿತನಕ ರೊಟ್ಟಿ ಹೊತ್ತ ತರೂದಾಗಂಗಿಲ್ಲ ನನಗ."

ಎದ್ದು ಬಂದರು. ನನ್ನ ಮೊಣಕಾಲಿಗಾಗಿ ಬಂದೆ ಅನ್ನುವ ಹಾಗೆ ಬಂದರು.

ಗುಳಿಗೆ ಮುಗಿದ ಮೇಲೆ ಮತ್ತೊಂದು ಫಿಲ್ಮು. ಅಲ್ಲಿ ಇನ್ನೂ ಒಂದು ಬಿಳಿ ಗೆರೆ ಉಳಿದಿತ್ತು. ಅದರ ಮೇಲೆ ಬೆರಳಿಟ್ಟೆ. ಡಾಕ್ಟರಮ್ಮ ಗೋಕಾಕಿನ ಮೊದಲ ಫಿಲ್ಮನ್ನು ಪಕ್ಕಕ್ಕೆ ಹಿಡಿದು, ಇದು ಗಾಯ ಮಾಯ್ದ ಕಲೆ, ಹೀಗೇ ಇರುತ್ತದೆ, ಕಫದಲ್ಲಿ ಈಗ ಏನೂ ಇಲ್ಲ ಅಂದರು. ಅಂದರೆ ಬಿಳಿ ಅಂದರೆ ರೋಗ ಅಂತ ನಾನು ಕಲಿತದ್ದೂ ಪೂರಾ ಅಲ್ಲ. ಹಳೆಯದರ ಪಕ್ಕ ಇಟ್ಟು ನೋಡುವ ತನಕ ಒಂದು ಕಲೆ ಹೊಸದೋ ಮಾಯ್ದದ್ದೋ ಹೇಳಲು ಬರುವುದಿಲ್ಲ.

ಮೊನ್ನೆ ಮಮದಾಪುರದಿಂದ ಯಜಮಾನರ ಹಳೆಯ ಗೆಳೆಯರೊಬ್ಬರು ಬಂದಿದ್ದರು. ಎದೆಯಲ್ಲಿ ಲಿಂಗ ಮೂಡಿದ ಸುದ್ದಿ ಅವರ ಊರಿಗೆ ತಡವಾಗಿ ಮುಟ್ಟಿತ್ತು. ದರ್ಶನ ಮಾಡಿಸು ಅಂದರು, ಅನ್ನುವಾಗ ಎರಡು ಸಲ ಕೆಮ್ಮಿದರು. ಯಜಮಾನರು ಅಲಮಾರಿಯಿಂದ ಮೂಡಲಗಿಯದೂ ಗೋಕಾಕಿನದೂ ಎರಡೂ ತಂದು ಕಿಟಕಿಗೆ ಹಿಡಿದರು.

"ಇದು ಕರಡಗಿ. ಇದು ಕರಡಗಿ ಹಿಂದಿಂದು" ಅಂದರು. ಗೆಳೆಯರು ಮುಗಿಯಲು ಎತ್ತಿದ ಕೈ ನಡುವೆಯೇ ನಿಂತಿತು. "ನಿನಗ ಕೆಮ್ಮ ಬಂದು ಎಷ್ಟ ದಿನಾ ಆತೋ?"

ಗೆಳೆಯರು ತಮ್ಮ ಎದೆಯ ಮೇಲಿನ ಕರಡಿಗೆಯನ್ನು ಹಿಡಿದುಕೊಂಡರು.

"ಅದನ್ನ ಬಿಡು ಅನ್ನಂಗಿಲ್ಲ ನಾ" ಅಂದರು ಯಜಮಾನರು. "ಅಂಗೈಯಾಗ ಹಿಡಕೊಂಡು ನಿಂದ್ರಾಕ ಬರ್ತೈತಿ. ಹೆಂಗಂತ ನಾ ಹೇಳಿಕೊಡ್ತೇನಿ, ಏಳು." ಎಡಗೈ ತಲೆಯ ಮೇಲೆ ಎತ್ತಿ, ಬಲಗೈ ಸೊಂಟಕ್ಕಿಟ್ಟು, ಉಸಿರು ಜಗ್ಗಿ ನಿಂತು ತೋರಿಸಿದರು.

ಅದು ನಾನು ಹೇಳಿಕೊಟ್ಟದ್ದು. ಹೇಳಲಿ ಬಿಡು ಅಂತ ಚಹಾಕ್ಕೆ ಇಟ್ಟೆ.