ಶೇಷಪ್ಪ ಗೌಡರ ಎರಡನೇ ಡಿಸ್ಕ್

ಶೇಷಪ್ಪ ಗೌಡರು ಯಾವುದನ್ನೂ ಕೈಯಿಟ್ಟು ನೋಡದೆ ನಂಬುತ್ತಿರಲಿಲ್ಲ. ಲಾರಿ ಹೊರಡುವ ಮುಂಚೆ ಬಾನೆಟ್ ಮೇಲೆ ಅಂಗೈ ಒತ್ತಿ ಕಣ್ಣು ಮುಚ್ಚುವರು. "ಕೆಮ್ತಾ ಇದೆಯಲ್ಲೋ, ಇಳಿ ಕೆಳಗೆ" ಎಂದು ಡ್ರೈವರನ್ನು ಇಳಿಸಿಬಿಡುವರು. ಹೊಸನಗರದ ಅವರ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಕಂಪ್ಯೂಟರ್ ಬಂದಾಗಲೂ ಅಷ್ಟೇ. ಡಬ್ಬದ ನೆತ್ತಿಯ ಮೇಲೆ ಕೈಯಿಟ್ಟು, ಅದು ಬೆಚ್ಚಗಾಗುವ ತನಕ ಕಾದು, "ಹ್ಞೂಂ, ಜೀವ ಇದೆ" ಅನ್ನುತ್ತಿದ್ದರು.

ನಾನು ಸಾಗರದಲ್ಲಿ ಟೈಪಿಂಗ್ ಸೀನಿಯರ್ ಮುಗಿಸಿ ಆ ಆಫೀಸು ಸೇರಿದ್ದು ಎಂಬತ್ತರ ದಶಕದ ಕೊನೆಯ ಭಾಗದಲ್ಲಿ. ಮೊದಲ ದಿನವೇ ಬೈಸಿಕೊಂಡೆ. "ನಿಧಾನಕ್ಕೆ ಕುಟ್ಟೇ ಮಾರಾಯ್ತಿ, ಎಂತ ಭತ್ತ ಕುಟ್ತಾ ಇದೀಯಾ?" ಬೈಯುವುದರಲ್ಲಿ ಅವರಿಗೆ ಭೇದಭಾವ ಇರಲಿಲ್ಲ. ಡ್ರೈವರು, ಕ್ಲೀನರು, ಬ್ಯಾಂಕಿನ ಮ್ಯಾನೇಜರು, ಎಲ್ಲರಿಗೂ ಒಂದೇ ಗಂಟಲು. ಬೈಸಿಕೊಂಡವರ ಮುಖ ಸಣ್ಣಗಾದರೆ ತಾವೇ ಚಾ ತರಿಸಿ ಎದುರಿಗೆ ಇಡುವರು. ಕ್ಷಮಿಸು ಅನ್ನುವ ಮಾತು ಮಾತ್ರ ಅವರ ಬಾಯಲ್ಲಿ ಹುಟ್ಟಿರಲೇ ಇಲ್ಲ.

ಕಂಪ್ಯೂಟರ್ ತಂದವನು ಅವರ ಒಬ್ಬನೇ ಮಗ ರಘು. ಇಂಜಿನಿಯರಿಂಗ್ ಮುಗಿಸಿ ಊರಿಗೇ ಬಂದು ಕೂತಿದ್ದ. ಲಾರಿಗಳ ಬಾಡಿಗೆ ಬಿಲ್ಲುಗಳನ್ನೆಲ್ಲ ತಾನೇ ಬರೆದ ಪ್ರೋಗ್ರಾಮಿನಲ್ಲಿ ಮಾಡುತ್ತಿದ್ದ. "ಸೇತುವೆ ಕಟ್ಲಿ ಅಂತ ಓದ್ಸಿದ್ರೆ ಇವ್ನು ಟೀವಿ ಮುಂದೆ ಕೂತ" ಎಂದು ಗೌಡರು ಹೋದವರು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಅದರಲ್ಲಿ ಜಂಬವೇ ಹೆಚ್ಚು.

ಗೌಡರಿಗೆ ಒಂದು ಕೆಟ್ಟ ಚಾಳಿ. ಬೆಳಕು ಹರಿಯುತ್ತಲೇ ಖಾಲಿ ಹೊಟ್ಟೆಯಲ್ಲಿ ಲಾರಿ ಶೆಡ್ಡಿಗೆ ಬಂದುಬಿಡುವರು, ಮಧ್ಯಾಹ್ನದವರೆಗೂ ಏನೂ ತಿನ್ನುತ್ತಿರಲಿಲ್ಲ. ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದು ಡಾಕ್ಟರು ಎಚ್ಚರಿಸಿದ್ದರೂ ಕೇಳಿರಲಿಲ್ಲ. ಅದಕ್ಕೆ ರಘು ಒಂದು ಕುಶಾಲು ಮಾಡಿದ್ದ. ಮೆಶಿನ್ ಶುರುವಾದ ಕೂಡಲೇ ಇಂಗ್ಲಿಷ್ ಅಕ್ಷರದಲ್ಲಿ, ಹಸಿರು ಬಣ್ಣದಲ್ಲಿ, 'ಅಪ್ಪಾ, ತಿಂಡಿ ಆಯ್ತಾ?' ಎಂದು ಮೂಡುತ್ತಿತ್ತು. ಹೌದಾದರೆ ವೈ ಒತ್ತಬೇಕು, ಇಲ್ಲವಾದರೆ ಎನ್. ಎನ್ ಒತ್ತಿದರೆ 'ಮೊದ್ಲು ತಿಂದ್ಕೊಂಡು ಬನ್ನಿ' ಎಂದು ತೋರಿಸಿ ಅದು ಅಲ್ಲಿಗೇ ನಿಂತುಬಿಡುತ್ತಿತ್ತು. ಗೌಡರಿಗೆ ಇಂಗ್ಲಿಷ್ ಬಾರದು. "ಕವೆಕೋಲಿನ ಹಂಗಿದೆಯಲ್ಲ, ಅದು ಹೌದು" ಎಂದು ರಘು ವೈ ಅಕ್ಷರದ ಗುರುತು ಹೇಳಿಕೊಟ್ಟಿದ್ದ. ಗೌಡರು ತಿನ್ನದೆಯೇ ಬಂದು ವೈ ಒತ್ತುವರು. ಹಿಂದಿನಿಂದ ರಘು, "ಅಪ್ಪಾ, ಸುಳ್ಳು" ಎಂದು ರಟ್ಟೆ ಹಿಡಿದು ಹೋಟೆಲಿಗೆ ಎಳೆದುಕೊಂಡು ಹೋಗುವನು. ನಾವೆಲ್ಲ ನಗುತ್ತಿದ್ದೆವು.

ಆ ರಘು ಒಂದು ಸಂಜೆ ರಿಪ್ಪನ್‌ಪೇಟೆ ರಸ್ತೆಯಲ್ಲಿ, ದೀಪವಿಲ್ಲದೆ ನಿಂತಿದ್ದ ಟ್ರ್ಯಾಕ್ಟರಿನ ಹಿಂಭಾಗಕ್ಕೆ ಬೈಕ್ ಹೊಡೆದು ಸತ್ತುಹೋದ.

ಹದಿಮೂರರ ಕಾರ್ಯ ಮುಗಿಸಿ ಆಫೀಸಿಗೆ ಬಂದ ಗೌಡರು ಬೈಯುವುದನ್ನು ಬಿಟ್ಟಿದ್ದರು. ಡ್ರೈವರು ತಡವಾಗಿ ಬಂದರೂ ಮಾತಿಲ್ಲ. ನಮಗೆ ಭಯವಾಗುತ್ತಿತ್ತು. ಬೆಳಿಗ್ಗೆ ಬಂದವರೇ ಮೆಶಿನ್ ಮುಂದೆ ಕೂರುವರು. ನಾನು ಸ್ವಿಚ್ ಹಾಕಬೇಕು. ಪ್ರಶ್ನೆ ಮೂಡಿದರೆ ಸ್ವಲ್ಪ ಹೊತ್ತು ನೋಡಿ, ಒಂದು ಬೆರಳಿನಿಂದ ವೈ ಒತ್ತಿ, ಡಬ್ಬದ ಮೇಲೆ ಕೈಯಿಟ್ಟುಕೊಂಡು ಕೂತಿದ್ದು, ಆಮೇಲೆ ಎದ್ದು ಹೋಗುವರು. ಹಾಗೆ ಎರಡು ವರ್ಷ ನಡೆಯಿತು.

ಅಷ್ಟರಲ್ಲಿ ಆಡಿಟರು ಲೆಕ್ಕವೆಲ್ಲ ಹೊಸ ಸಾಫ್ಟ್‌ವೇರಿನಲ್ಲಿ ಬೇಕೆಂದರು. ರಘು ಹಾಕಿದ್ದ ಸಿಸ್ಟಮ್ಮಿನಲ್ಲಿ ಅದು ಓಡುವುದಿಲ್ಲ. ಶಿವಮೊಗ್ಗದಿಂದ ಪ್ರಕಾಶ ಎಂಬ ಸರ್ವಿಸ್ ಇಂಜಿನಿಯರ್ ಬಂದು, "ಹಳೇದನ್ನ ಅಳಿಸಿ ಹೊಸ ಸಿಸ್ಟಮ್ ಹಾಕೋಣ" ಎಂದ.

"ಅಳಿಸೋದು ಬೇಡ" ಎಂದರು ಗೌಡರು.

"ಹಂಗಾದ್ರೆ ಫ್ಲಾಪಿಗೆ ಕಾಪಿ ತೆಗೆದಿಡ್ತೀನಿ."

"ಅದನ್ನ ಮುಟ್ಟೋದೇ ಬೇಡ ಮಾರಾಯಾ. ಮನೇಲಿ ಜನ ಜಾಸ್ತಿಯಾದ್ರೆ ಇದ್ದೋರನ್ನ ಹೊರಗೆ ಹಾಕ್ತಾರಾ? ಇನ್ನೊಂದು ಕೋಣೆ ಕಟ್ತಾರೆ. ಇನ್ನೊಂದು ಡಿಸ್ಕ್ ಹಾಕು."

ಹಾಗೆ ಎರಡನೇ ಡಿಸ್ಕ್ ಬಂತು, ಇಟ್ಟಿಗೆಯಷ್ಟು ದಪ್ಪ, ಅಷ್ಟೇ ಭಾರ. ಮೆಶಿನ್ ಯಾವ ಡಿಸ್ಕಿನಿಂದ ಶುರುವಾಗಬೇಕು ಎನ್ನುವುದಕ್ಕೆ ಪ್ರಕಾಶ ಡಬ್ಬದ ಮುಂದೆ ಒಂದು ಸ್ವಿಚ್ ಕೂರಿಸಿದ. ಮೇಲೆ ಮಾಡಿದರೆ ರಘುವಿನ ಡಿಸ್ಕ್, ಕೆಳಗೆ ಮಾಡಿದರೆ ಹೊಸದು. ಇನ್ನು ಹೊಸ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕಿತ್ತು. ಅಂದರೆ ಅದರ ಮೇಲೆ ಇರುವುದನ್ನೆಲ್ಲ ಒರೆಸಿ, ಹೊಸದಾಗಿ ಗೆರೆ ಎಳೆಯುವ ಕೆಲಸ. ಮರುದಿನ ಬೆಳಿಗ್ಗೆಯೇ ಪ್ರಕಾಶ ಬಂದು ಆ ಸ್ವಿಚ್ ಕೆಳಗೆ ಮಾಡಿ, ಫ್ಲಾಪಿ ಹಾಕಿ ಪ್ರೋಗ್ರಾಮ್ ಶುರು ಮಾಡಿದ. ಒರೆಸಲು ಶುರು ಮಾಡಲೇ, ವೈ ಅಥವಾ ಎನ್ ಎಂದು ಅದು ಕೇಳಿತು. ಪರದೆ ನೋಡಿ ಅವನ ಹುಬ್ಬು ಗಂಟಾಯಿತು. "ಸ್ವಿಚ್ಚಿನ ವೈರು ತಿರುಗುಮುರುಗಾದ ಹಂಗಿದೆ. ಇದು ಹಳೇ ಡಿಸ್ಕನ್ನೇ ಹಿಡ್ಕೊಂಡಿದೆ. ಮೇಡಂ, ಯಾರೂ ಕೀ ಮುಟ್ಟಬಾರ್ದು" ಎಂದು ನನಗೆ ಹೇಳಿ ಸಾಲ್ಡರಿಂಗ್ ಐರನ್ ತರಲು ಹಿಂದಿನ ಶೆಡ್ಡಿಗೆ ಹೋದ. ಅದೇ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಫೋನ್ ಬಡಿದುಕೊಂಡಿತು. ಮಂಗಳೂರಿನ ಟ್ರಂಕ್ ಕಾಲ್. ನಾನು ಎದ್ದು ಹೋದೆ.

ಗೌಡರು ಪಕ್ಕದ ಬಾಗಿಲಿಂದ ಬಂದಿದ್ದಾರೆ. ದಿನದಂತೆ ಕೂತಿದ್ದಾರೆ. ಹಸಿರು ಅಕ್ಷರದ ಪ್ರಶ್ನೆ, ಕೊನೆಯಲ್ಲಿ ಅದೇ ಕವೆಕೋಲು. ಒತ್ತಿದ್ದಾರೆ.

ನಾವಿಬ್ಬರೂ ವಾಪಸ್ಸು ಬಂದಾಗ ಡಬ್ಬದ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. "ಇವತ್ತು ಎಂತದೋ ಸದ್ದು ಜಾಸ್ತಿ" ಎಂದರು. ಪ್ರಕಾಶ ಓಡಿ ಕರೆಂಟು ತೆಗೆದ. ಮತ್ತೆ ಹಾಕಿ ನೋಡಿದರೆ ರಘುವಿನ ಡಿಸ್ಕ್ ಏಳಲೇ ಇಲ್ಲ. ಪ್ರಕಾಶ ನನ್ನ ಮುಖ ನೋಡಿದ. ಆಮೇಲೆ ಗೌಡರ ಕಡೆ ತಿರುಗಿ, "ನನ್ನಿಂದ ತಪ್ಪಾಯ್ತು ಗೌಡ್ರೇ. ವೈರು ಅದಲು ಬದಲು ಮಾಡಿಬಿಟ್ಟಿದ್ದೆ. ನೀವು ಬರೋ ಮುಂಚೇನೇ ಎಲ್ಲ ಹೋಗಿತ್ತು" ಎಂದ. ಗೌಡರು ಬೈಯಲಿಲ್ಲ. ಅವನಿಗೆ ಚಾ ತರಿಸಿದರು.

ರಘುವಿನ ಆ ತಿಂಡಿಯ ಪ್ರಶ್ನೆಯನ್ನು ಹೊಸ ಡಿಸ್ಕಿನಲ್ಲಿ ನಾನೇ ಬರೆದು ಹಾಕುತ್ತೇನೆ ಎಂದೆ. ಅಷ್ಟು ಪ್ರಕಾಶನಿಂದ ಕಲಿತಿದ್ದೆ.

"ಬೇಡ ಕಣೆ. ಅದು ನೀನು ಕೇಳಿದ ಹಂಗಾಗ್ತದೆ" ಎಂದರು.

ಹೊಸ ಡಿಸ್ಕ್ ಚೆನ್ನಾಗಿಯೇ ಓಡಿತು. ಆಡಿಟರು ಮೆಚ್ಚಿಕೊಂಡರು. ಗೌಡರು ಮತ್ತೆ ಆ ಕುರ್ಚಿಯಲ್ಲಿ ಕೂರಲಿಲ್ಲ.

ನಾನು ಮದುವೆಯಾಗಿ ತೀರ್ಥಹಳ್ಳಿಗೆ ಹೋದೆ. ಹೊಟ್ಟೆಯ ಹುಣ್ಣು ಒಡೆದು ಗೌಡರು ಅಲ್ಲಿಯ ಆಸ್ಪತ್ರೆಗೇ ಬಂದಿದ್ದಾರೆಂದು ತಿಳಿದು ನೋಡಲು ಹೋದೆ. ಆ ದೊಡ್ಡ ಅಂಗೈ ಹಾಸಿಗೆಯ ಮೇಲೆ ಮಗುಚಿ ಬಿದ್ದಿತ್ತು. ನನ್ನ ಕಡೆ ಹೊರಳಿ ಕೇಳಿದರು.

"ಆವತ್ತು ಒತ್ತಿದ್ದು ನಾನೇ ಅಲ್ವೇನೆ ಸರೋಜ?"

"ಅಲ್ಲ ಗೌಡ್ರೇ. ಪ್ರಕಾಶ್ ಹೇಳಿದ್ರಲ್ಲ."

"ಅವ್ನು ಒಳ್ಳೇ ಹುಡುಗ" ಎಂದು ಸೂರು ನೋಡಿದರು. "ರಘು ಇದ್ದಾಗ ಸುಳ್ಳು ಒತ್ತಿದ್ರೆ ಹಿಡೀತಿದ್ದ. ಅವ್ನು ಹೋದ್ಮೇಲೆ ದಿನಾ ಸುಳ್ಳೇ ಒತ್ತಿದೆ ಕಣೆ. ಒಂದಿನಾನೂ ತಿಂದು ಬರ್ಲಿಲ್ಲ. ಆವತ್ತೊಂದು ದಿನ ತಿಂದಿಲ್ಲ ಮಗಾ ಅಂತ ನಿಜ ಹೇಳಿದ್ರೆ ಅದು ಉಳೀತಿತ್ತು."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಎನ್ ಒತ್ತಿದ್ದರೆ ಡಿಸ್ಕ್ ಉಳಿಯುತ್ತಿತ್ತು.