ವಾಪಸ್ ತೆಗೆದ ಪ್ರಬಂಧ

ಕುಮಟೆಯಲ್ಲಿ ನಾನು ಇಂಟರ್ನೆಟ್ ಕೆಫೆ ನಡೆಸುತ್ತಿದ್ದಾಗ ಹೊನ್ನಾವರದಿಂದ ಗಣಿತದ ಮೇಷ್ಟ್ರೊಬ್ಬರು ಬರುತ್ತಿದ್ದರು. ಕುರ್ಚಿಯಲ್ಲಿ ಕೂರದೆ, ಶರ್ಟಿನ ಗುಂಡಿ ತಿರುಚುತ್ತ, "ಹಂಗಾರೆ ಎಂತ ಆತು?" ಎಂದು ತಮ್ಮನ್ನೇ ಕೇಳಿಕೊಳ್ಳುವರು. ಕಂಪ್ಯೂಟರ್ ವಿಜ್ಞಾನದ ತರ್ಕದ ಬಗ್ಗೆ ಅವರು ವರ್ಷಗಟ್ಟಲೆ ಕೂತು ಬರೆದ ಪ್ರಬಂಧವನ್ನು ವಿದೇಶದ ಸಮ್ಮೇಳನವೊಂದಕ್ಕೆ, ಕಡೆಯ ದಿನ, ಪದೇ ಪದೇ ಕಡಿದುಹೋಗುವ ಲೈನಿನಲ್ಲಿ ಹೇಗೋ ಕಳಿಸಿದೆವು.

ಬಸ್ ಹತ್ತಲು ಹೋದವರು ಓಡಿ ಬಂದರು.

"ವಾಪಸ್ ತೆಗಿಯೋ! ನಡುವೆ ಒಂದ್ಕಡೆ ವಾದ ತಪ್ಪಿದೆ."

"ಯಾರಿಗೆ ಗೊತ್ತಾಗ್ತದೆ ಸರ್?"

"ನಂಗೆ ಗೊತ್ತಾತಲ್ಲ ಮಾರಾಯ!"

ತೆಗೆದೆವು. ತಪ್ಪು ತಿದ್ದಿ ಮರುವರ್ಷ ಮತ್ತೆ ಕಳಿಸಿದರು. ಒಪ್ಪಿಗೆಯ ಮೇಲ್ ಬಂದ ದಿನ ನಾನು ಖುಷಿಗೆ ಕೂಗಿಯೇಬಿಟ್ಟೆ. ಅವರು ಪರದೆಗೆ ಮುಖ ಹಚ್ಚಿ ಎರಡೆರಡು ಸಲ ಓದಿ, ಗಾಬರಿಯಿಂದ ನನ್ನತ್ತ ತಿರುಗಿದರು.

"ಅವ್ರು ಸಮಾ ಓದಿದ್ರೋ ಇಲ್ವೋ?"